ಬಾಕಿ ಉಳಿದ ಹದಿನಾಲ್ಕು ನಮಸ್ಕಾರ

ವಿನಾಯಕನನ್ನು ನಂಬಿದ ಬಂಧುಗಳೇ, ನನ್ನ ಕಣ್ಣಿಗೆ ಕುತ್ತು ಬಂದದ್ದು ನನ್ನ ಬುದ್ಧಿಗೇಡಿತನದಿಂದಲೇ. ನಾಚಿಕೆ ಬಿಟ್ಟು ಹೇಳುತ್ತೇನೆ.

ನಾನು ಕೋಟದ ದರ್ಜಿ. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಯುದ್ಧದ ಕಾಲ, ಇದ್ದಿಲು ಸುಟ್ಟು ಬಸ್ಸು ಓಡಿಸುತ್ತಿದ್ದ ದಿನಗಳು. ಆಗ ಬಲಗಣ್ಣಿಗೂ ಪೊರೆ ಬಂತು. ದೃಷ್ಟಿ ಬಂದರೆ ಇಪ್ಪತ್ತೊಂದು ನಮಸ್ಕಾರ ಹಾಕುತ್ತೇನೆಂದು ಕುಂಭಾಶಿಯ ವಿನಾಯಕನಿಗೆ ಹರಕೆ ಹೊತ್ತು ಕುಂದಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡೆ. ಮಂಜುಮಂಜಾಗಿ ಬೆಳಕು ಕಂಡಿತು. "ಒಂದು ತಿಂಗಳು ತಲೆ ಬಗ್ಗಿಸಬಾರದು" ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ಕೋಟಕ್ಕೆ ಹೋಗುವ ದಾರಿಯಲ್ಲೇ ಕುಂಭಾಶಿ. ಹರಕೆ ಹೊತ್ತವನು ದೇವರ ಎದುರೇ ಹಾದುಹೋಗುವುದುಂಟೇ? ಬಸ್ಸಿನಿಂದ ಇಳಿದೆ.

"ಹ್ವಾಯ್, ಡಾಕ್ಟ್ರ್ ತಲಿ ಬಗ್ಗ್ಸುಕಾಗ ಅಂದಿರ್ ಅಲ್ದಾ?" ಎಂದಳು ಹೆಂಡತಿ ಗುಲಾಬಿ.

"ಸುಮ್ನಿರ್ ಮಾರಾಯ್ತಿ. ದೇವ್ರಿಗ್ ಅಡ್ಡ ಬಿದ್ರೆ ಎಂತ ಆತ್ತ್?"

ಏಳನೆಯ ನಮಸ್ಕಾರಕ್ಕೆ ಕಣ್ಣೊಳಗೆ ಏನೋ ಜಾರಿತು. ಕೆನ್ನೆಯ ಮೇಲೆ ಬಿಸಿ ನೀರು ಇಳಿಯಿತು. ಬೆಳಕು ಹೋಯಿತು.

ಸಿಕ್ಕಿದ ಬಸ್ಸಿನಲ್ಲಿ ಕುಂದಾಪುರಕ್ಕೆ ಮರಳಿದೆವು. ಡಾಕ್ಟರು ನೋಡಿ ತಲೆ ಚಚ್ಚಿಕೊಂಡರು. "ಗಾಯ ಬಿಚ್ಚಿ ಪಾಪೆಯ ಸುತ್ತಲಿನ ಕಪ್ಪು ಪೊರೆ ಹೊರಗೆ ಬಂದಿದೆ. ಕೆಟ್ಟ ಭಾಗ ಕತ್ತರಿಸಬೇಕು. ಕೀವಾದರೆ ಕಣ್ಣನ್ನೇ ತೆಗೆಯಬೇಕಾದೀತು." ಜನ್ಮವಿಡೀ ಕತ್ತರಿ ಹಿಡಿದವನು ನಾನು, ಆ ಪುಟ್ಟ ಕತ್ತರಿಯ ಸದ್ದು ಕಣ್ಣ ಹತ್ತಿರ ಕೇಳಿದಾಗ ಮೈಯೆಲ್ಲ ಬೆವತುಹೋಯಿತು.

ಆಮೇಲೆ ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ. ಅಲುಗಾಡುವಂತಿಲ್ಲ, ಕೆಮ್ಮುವಂತಿಲ್ಲ. ಮೂರನೆಯ ದಿನ ಕಣ್ಣು ಸಿಡಿಯತೊಡಗಿತು. ನಾಳೆ ಪಟ್ಟಿ ಬಿಚ್ಚಿ ತೀರ್ಮಾನಿಸೋಣ ಎಂದರು ಡಾಕ್ಟರು. ನನಗೆ ಕುರುಡನಾಗುವ ಭಯ ಒಂದು ಕಡೆ, ಹರಕೆ ಅರ್ಧಕ್ಕೆ ಬಿಟ್ಟದ್ದಕ್ಕೆ ಸ್ವಾಮಿ ಮುನಿದಿದ್ದಾನೆಂಬ ಭಯ ಅದಕ್ಕಿಂತ ಹೆಚ್ಚು.

"ಗುಲಾಬಿ, ಹದ್ನಾಲ್ಕ್ ಬಾಕಿ ಉಳೀತಲೇ" ಎಂದು ಅತ್ತೆ.

"ಅಳ್ಬೇಡಿ, ಕಣ್ಣಿಗಾಗ. ನಾನ್ ಗಂಜಿ ತಕಂಡ್ ಬತ್ತೆ" ಎಂದು ಹೋದವಳು ಸಂಜೆಯವರೆಗೂ ಬರಲಿಲ್ಲ. ಇವಳೂ ಕೈಬಿಟ್ಟಳೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮರುದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಬಹಳ ಹೊತ್ತು ನೋಡಿದರು. "ಕೀವಿಲ್ಲ. ಕಣ್ಣು ಉಳಿಯಿತು" ಎಂದರು.

ಗುಲಾಬಿ ನನ್ನ ಮುಖದ ಹತ್ತಿರ ಬಗ್ಗಿದಳು. ಆ ಮಂಜಿನಲ್ಲಿ ಅವಳ ಹಣೆಯ ತುಂಬ ಕುಂಕುಮ ಹರಡಿದಂತೆ ಕಂಡಿತು. ಒರೆಸಲು ಕೈ ಇಟ್ಟೆ. "ಸ್ಸ್" ಎಂದು ಹಿಂದೆ ಸರಿದಳು. ಕುಂಕುಮವಲ್ಲ, ತರಚಿದ ಗಾಯ.

"ಎಂತ ಆಯ್ತೇ?"

"ಎಂತ ಇಲ್ಲ. ನಿಮ್ಮ ಹದ್ನಾಲ್ಕ್ ನಾನ್ ಹಾಕಿ ಬಂದೆ. ಕಲ್ಲಿಗ್ ಸಲ್ಪ ಜೋರ್ ತಾಗಿತ್."

ಬಂಧುಗಳೇ, ಡಾಕ್ಟರ ಕೈಗುಣವನ್ನು ನಾನು ಮರೆಯುವವನಲ್ಲ. ಆದರೆ ತಪ್ಪು ಮಾಡಿದ ನನ್ನ ತಲೆಯನ್ನು ಬಿಟ್ಟು ಅವಳ ಹಣೆಯನ್ನು ಒಪ್ಪಿಕೊಂಡ ಆ ಸ್ವಾಮಿಯ ಕರುಣೆಗೆ ಏನು ಹೇಳಲಿ? ಈಗಲೂ ಕುಂಭಾಶಿಗೆ ಹೋದರೆ ಕೈಮುಗಿದು ಮೊದಲು ದೇವರನ್ನು ಕಣ್ತುಂಬ ನೋಡುತ್ತೇನೆ, ಆಮೇಲೆ ಪಕ್ಕದಲ್ಲಿ ನಿಂತ ಅವಳನ್ನು.