ಅಂಚು ಬಿದ್ದ ಸೋಪು

ಅಪ್ಪನ ದೃಷ್ಟಿ ಇನ್ನೆಷ್ಟು ದಿನ ಉಳಿಯುವುದೋ ಹೇಳಲಾಗದು ಎಂದು ಪೀಳಮೇಡಿನ ಕಣ್ಣಿನ ವೈದ್ಯರು ಹೇಳಿದ ಮೇಲೆ ನಾನು ಆ ಸೋಪಿಗೆ ಕೈ ಹಾಕಿದೆ. ಮನೆಯಲ್ಲೇ ಸೋಪು ಮಾಡಿ ಮಾರುವವಳು ನಾನು. ಅಪ್ಪ ಮಗ್ಗ ಬಿಟ್ಟು, ರಾಜಸ್ಥಾನದ ಮರುಭೂಮಿಯಲ್ಲಿ ತಾಮ್ರದ ಗಣಿಯಲ್ಲಿ ದುಡಿದವರು. ನನ್ನ ಓದು, ಮದುವೆ, ತಿರುಪ್ಪೂರಿನ ಈ ಮನೆ, ಎಲ್ಲವೂ ಆ ಗಣಿಯ ಋಣ. ಅಮ್ಮನನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯುವ ಆಸೆ ಅಪ್ಪನಿಗಿತ್ತು. ಅದು ಆಗಲೇ ಇಲ್ಲ. ತೋರಿಸಲು ಒಂದು ಫೋಟೊ ಕೂಡ ಇಲ್ಲ. ಅವರಿಗೆ ಕಣ್ಣು ಕಾಣುವಾಗಲೇ ಆ ಗಣಿಯ ಗುಡ್ಡವನ್ನು ಪದರ ಪದರವಾಗಿ ಸೋಪಿನಲ್ಲಿ ಮಾಡಿಟ್ಟು, ಹೌದು ಇದೇ ಎಂದು ಅವರ ಬಾಯಿಂದ ಕೇಳಬೇಕಿತ್ತು ನನಗೆ.

ಅಪ್ಪ ಕಲ್ಲಿನ ಬಣ್ಣವನ್ನೂ ನೇಕಾರರ ನೂಲಿನ ಹೆಸರಲ್ಲೇ ಹೇಳುವವರು. ಬೆಳಗಿನ ಬಿಸಿಲಿನಲ್ಲಿ ಬಣ್ಣದ ಬಟ್ಟಲುಗಳನ್ನು ಮುಂದಿಟ್ಟರೆ, ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು.

"ಇದು ಕಿಳಿಪಚ್ಚೆ ಆಗ್ಬಿಡ್ತು ಅಮ್ಮಣಿ. ತಾಮ್ರದ ಕಲ್ಲು ಮಯಿಲ್‌ಕಳುತ್ತು. ಇನ್ನೊಂಚೂರು ನೀಲಿ ಹಾಕು."

ಗಿಳಿಯ ಹಸಿರಲ್ಲ, ನವಿಲಿನ ಕತ್ತು! ಬೇವಿನ ಪುಡಿ ಕಡಿಮೆ ಮಾಡಿ ನೀಲಿ ಹೆಚ್ಚಿಸಿದೆ. ಮತ್ತೆ ಬೇಡವೆಂದರು. ನನಗೂ ಹಟ ಹತ್ತಿತು. ಕೊನೆಗೊಂದು ಬೆಳಿಗ್ಗೆ ತಲೆಯಾಡಿಸಿದರು.

ಕಾಂಗೇಯದ ತೆಂಗಿನೆಣ್ಣೆಯಲ್ಲಿ ಸೋಪು ಕಲಸಿ, ಅಚ್ಚಿನ ತಳಕ್ಕೆ ಆ ನವಿಲುಬಣ್ಣ ಸುರಿದೆ. ಅದರ ಮೇಲೆ ಬಂಡೆಗೆಂದು ಕಾವಿಮಣ್ಣಿನ ಪದರ. ಆಮೇಲೆ ಎಳೆಯಷ್ಟು ತೆಳುವಾಗಿ ಇದ್ದಿಲ ಕಪ್ಪು: ಯಂತ್ರಗಳು ಬರುವ ಎಷ್ಟೋ ಮೊದಲು ಅಲ್ಲಿ ಉಳಿ ಹಿಡಿದು ತಾಮ್ರ ತೆಗೆದವರು ಕಾಯಿಸಿ ಸುರಿದ ಕಿಟ್ಟ ಅದು. ಎಲ್ಲಕ್ಕೂ ಮೇಲೆ ಮರಳು. ಕೊರಿಯರ್‌ನವನು ಕೂಗಿದನೆಂದು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ, ಅಮ್ಮ ಉಳಿದಿದ್ದ ನವಿಲುಬಣ್ಣವನ್ನು ಮರಳಿನ ಮೇಲೆ ಸುರಿದು ಚಮಚದಿಂದ ನೀಟಾಗಿ ಹರಡುತ್ತಿದ್ದಳು.

"ಅಮ್ಮಾ, ಏನ್ ಮಾಡ್ಬಿಟ್ಟೆ!"

"ಒಂದ್ ಕಡೆ ಅಂಚಿಟ್ಟು ಇನ್ನೊಂದ್ ಕಡೆ ಸುಮ್ನೆ ಬಿಟ್ರೆ ಯಾರ್ ಉಡ್ತಾರೆ?"

ಅಪ್ಪ ದೂರವಿದ್ದಷ್ಟು ಕಾಲವೂ ಮಗ್ಗದಲ್ಲಿ ಸೀರೆ ನೇಯ್ದ ಕೈ ಅದು. ಗುಡ್ಡಕ್ಕೂ ಎರಡು ಅಂಚು ಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಕೆರೆದು ತೆಗೆದರೆ ಮರಳೂ ಕಲಸಿಹೋಗುತ್ತದೆ. ಮತ್ತೆ ಮಾಡೋಣವೆಂದರೆ ಆ ಬಣ್ಣ ಮುಗಿದಿತ್ತು; ಅದನ್ನು ಮತ್ತೆ ಹದಕ್ಕೆ ತಂದು, ಆಮೇಲೆ ಒಂದು ತಿಂಗಳು ಒಣಗಿಸುವಷ್ಟರಲ್ಲಿ ಅಪ್ಪನ ಕಣ್ಣು? ಆ ದಿನ ನಾನು ಅಮ್ಮನ ಹತ್ತಿರ ಮಾತಾಡಲಿಲ್ಲ. ಅವಳು ಹಾಯಾಗಿ ಅವರೆಕಾಯಿ ಬಿಡಿಸುತ್ತಿದ್ದಳು.

ತಿಂಗಳು ಕಳೆದು ಒಣಗಿದ ಸೋಪನ್ನು ಅಪ್ಪನ ಕೈಗಿಟ್ಟೆ. ಅವರು ಬಾಗಿಲ ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ, ಕೆಳಗಿನಿಂದ ಒಂದೊಂದೇ ಪದರದ ಮೇಲೆ ಹೆಬ್ಬೆರಳು ಆಡಿಸಿದರು. ಮೇಲಿನ ಅಂಚಿಗೆ ಬಂದು ಬೆರಳು ನಿಂತಿತು.

"ಮರಳ ಮೇಲೆ ಇದನ್ನ ಯಾರಿಟ್ಟಿದ್ದು?"

"ಅಮ್ಮ. ಅಂಚು ಅಂತೆ."

ಅಪ್ಪ ಸೋಪನ್ನು ಮತ್ತೆ ಕಣ್ಣಿನ ಹತ್ತಿರ ತಂದರು.

"ಶಿಫ್ಟ್ ಮುಗಿಸಿ ಸಾಯಂಕಾಲ ಮೇಲಕ್ ಬಂದ್ರೆ ವಾನ ಇದೇ ಬಣ್ಣ ಅಮ್ಮಣಿ. ನಿಂಗ್ ಹೇಳೋದೇ ಮರ್ತೋಗಿತ್ತು."

ಆಕಾಶವಿಲ್ಲದ ಗುಡ್ಡ ಮಾಡಲು ಹೊರಟಿದ್ದೆ ನಾನು. ಅಮ್ಮನ ಕೈಗೆ ನಾನು ಎಷ್ಟು ಕೃತಜ್ಞಳೋ ಹೇಳಲಾರೆ.

ಅಪ್ಪ ಅವಳನ್ನು ಕರೆದು, ಅವಳ ಒದ್ದೆ ಬೆರಳನ್ನು ಹಿಡಿದು ಆ ಅಂಚಿನ ಮೇಲಿಟ್ಟರು.

"ಇದರ ಕೆಳ್ಗೆ ನಿಂತ್ಕೊಂಡೇ ದಿನಾ ನಿನ್ನ ನೆನಸ್ಕೊಳ್ತಿದ್ದೆ."

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ತನ್ನ ಕನ್ನಡಕ ತರಲು ಒಳಗೆ ಹೋದಳು.