ಚಕ್ರ ಕಿರುಗುಟ್ಟಿದ ಮೇಲೆ ಸೂಜಿ

ಈ ಚಕ್ರದ ಕಥೆ ಶುರುವಾದದ್ದು ಚಳಿಗಾಲದಲ್ಲಿ, ಬೆಳಕು ಹರಿಯುವ ಹೊತ್ತಿಗೆ. ಈಗಲೂ ಅದೇ ಚಳಿ, ಅದೇ ಹೊತ್ತು. ಆಸ್ಪತ್ರೆಯ ಅಡುಗೆಮನೆಯಿಂದ ಗಾಡಿಯಕ್ಕ ತಿಂಡಿಯ ಗಾಡಿ ತಳ್ಳಿಕೊಂಡು ಹೊರಡುತ್ತಾಳೆ. ಮೇಲೆ ಗಂಜಿಯ ಪಾತ್ರೆ, ಕೆಳಗೆ ಹಾಲು, ಬ್ರೆಡ್ಡು. ಮುಂದಿನ ಚಕ್ರ ಕಿರ್ರ್ ಕಿರ್ರ್ ಅಂತ ಮಲಗಿದವರನ್ನೆಲ್ಲ ಎಬ್ಬಿಸುತ್ತದೆ.

"ನನ್ನ ಗಂಡ ಬದುಕಿದ್ದಾಗಲೂ ಇಷ್ಟು ಗೊಣಗಿದವನಲ್ಲ," ಅನ್ನುತ್ತಾಳೆ. "ಎಣ್ಣೆ ಬಿಡಕ್ಕಾ ಅಂತಾರೆ. ಬಿಡ್ಲಿ ನೋಡೋಣ, ಕೈ ಮುರಿದು ಹಾಕ್ತೀನಿ."

ಗಂಡ ಇದೇ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದ. ಅವನು ಹೋದ ಮೇಲೆ ಗಾಡಿ ಇವಳ ಕೈಗೆ ಬಂತು. ಇಬ್ಬರು ಹೆಣ್ಣುಮಕ್ಕಳು ಬೆಳೆದದ್ದು ಈ ಗಾಡಿಯ ಮೇಲೆಯೇ. ಸೊಂಟ ಹಿಡಿದುಕೊಂಡಿದೆ, ಕಾಲಿನ ನರ ಉಬ್ಬಿದೆ. ಬಾಯಿ ಮಾತ್ರ ಇನ್ನೂ ಗಟ್ಟಿ.

ಮೇಲಿನ ಮಹಡಿ ಸಕ್ಕರೆ ಕಾಯಿಲೆಯವರದು. ಅಲ್ಲಿನ ದೊಡ್ಡ ಸಿಸ್ಟರ್ ಒಂದು ಪದ್ಧತಿ ಮಾಡಿಕೊಂಡಿದ್ದಳು. ಗಡಿಯಾರ ನೋಡಿ ಇನ್ಸುಲಿನ್ ಚುಚ್ಚುವುದಿಲ್ಲ. ಗಾಡಿ ವಾರ್ಡಿನ ಮೂಲೆ ತಿರುಗಿ ಚಕ್ರ ಕಿರುಗುಟ್ಟಿದ ಮೇಲೇ ಸೂಜಿ. ಸೂಜಿಯ ಬೆನ್ನಿಗೇ ಗಂಜಿ.

"ಸಕ್ಕರೆ ಏರಿದ್ರೆ ನಿಧಾನಕ್ಕೆ ತಿನ್ನುತ್ತೆ ಅಕ್ಕಾ, ಇಳಿದ್ರೆ ಗಬಕ್ಕನೆ ನುಂಗುತ್ತೆ," ಅನ್ನುತ್ತಿದ್ದಳು ಸಿಸ್ಟರ್. ಮದ್ದು ಒಳಗೆ ಹೋಗಿ ಅನ್ನ ಹೋಗದಿದ್ದರೆ ಇಳಿಯುತ್ತದೆ. ತಿಂದದ್ದು ವಾಂತಿಯಾದರೆ, ಖಾಲಿ ಹೊಟ್ಟೆಗೆ ಹೆಂಡ ಬಿದ್ದರೆ ಇಳಿಯುತ್ತದೆ. ಮೂತ್ರಪಿಂಡ ಸೋತವರ ಮೈಯಲ್ಲಿ ಮದ್ದು ಕರಗದೆ ನಿಲ್ಲುತ್ತದೆ, ಅವರಿಗೆ ಇನ್ನೂ ಬೇಗ. ಕಿಟಕಿ ಪಕ್ಕದ ದರ್ಜಿ ಮಾವ ಅಂಥವನು.

"ಏನಮ್ಮಾ ಮಹಾರಾಣಿ, ನಿನ್ನ ರಥ ಲೇಟು," ಅಂತ ಅವನು ದಿನಾ ಕೆಣಕುತ್ತಿದ್ದ.

"ಬಾಯ್ಮುಚ್ಕೊಂಡು ಕುಡಿ ಮಾವ, ಅದನ್ನೂ ಹೊಲಿದುಬಿಟ್ಟೇನು!"

ಆಗ ಬಂತು ದೊಡ್ಡವರ ಭೇಟಿ. ಮೇಲಿಂದ ಕೆಳಗೆ ಸುಣ್ಣ ಬಳಿದರು. ತಿಂಡಿಯ ಗಾಡಿಗೆ ಹೊಸ ಚಕ್ರ ಹಾಕಿಸಿದರು. ಕಿರುಗುಟ್ಟುವ ಹಳೆಯದನ್ನು ಬಟ್ಟೆ ಗಾಡಿಗೆ ಸಿಕ್ಕಿಸಿದರು. ಯಾರೂ ಯಾರಿಗೂ ಹೇಳಲಿಲ್ಲ. ಭೇಟಿಯ ದಿನ ಬೆಳಗ್ಗೆ ಸದ್ದಿಲ್ಲದೆ ಉರುಳಿದ ಗಾಡಿ ಕಂಡು ಅಕ್ಕ ಹಿಗ್ಗಿದಳು: "ಅಂತೂ ಇದರ ಬಾಯಿ ಮುಚ್ತು!"

ಲಿಫ್ಟಿನ ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟು ಕಾವಲುಗಾರ ಕೂತಿದ್ದ. "ದೊಡ್ಡವರು ಬರೋವರೆಗೂ ಯಾರಿಗೂ ಇಲ್ಲ."

"ಇದು ಅನ್ನ ಕಣಪ್ಪಾ!"

"ಅನ್ನ ಎಲ್ಲಿ ಓಡಿ ಹೋಗುತ್ತೆ?"

ಅಕ್ಕ ಬೈದಳು, ಕಾದಳು. ಗಾಡಿ ಬರದೆ ಸಿಸ್ಟರ್ ಚುಚ್ಚುವುದಿಲ್ಲವಲ್ಲ ಅನ್ನೋ ಧೈರ್ಯ ಒಂದಿತ್ತು.

ಮೇಲೆ, ಲಿಫ್ಟು ತಡೆಯುವ ಮುಂಚೆಯೇ ಏರಿದ್ದ, ಹೊಸ ಹೊದಿಕೆ ಹೊತ್ತ ಬಟ್ಟೆ ಗಾಡಿ ಮೂಲೆ ತಿರುಗಿ ಕಿರುಗುಟ್ಟಿತು. ತಿಂಡಿ ಬಂತು ಅಂದುಕೊಂಡು ಸಿಸ್ಟರ್ ಸೂಜಿ ಎತ್ತಿಕೊಂಡಳು. ಮೊದಲು ದರ್ಜಿ ಮಾವ. ಅವನಿಗೆ ಚುಚ್ಚಿ ತಿರುಗುವಷ್ಟರಲ್ಲಿ ಕರೆ ಬಂತು: ಎಲ್ಲ ಸಿಸ್ಟರುಗಳೂ ಹೂಗುಚ್ಛ ಹಿಡಿದು ಬಾಗಿಲಲ್ಲಿ ನಿಲ್ಲಬೇಕು, ಈಗಲೇ. "ರೋಗಿ ಉಂಡಿಲ್ಲ" ಅಂದಳು. "ಆಮೇಲೆ ಉಣ್ಣಲಿ" ಅಂದರು.

ಮಾವ ಬೆವೆತ. ನಡುಗಿದ. ಹೊಸ ಹೊದಿಕೆ ಕಿತ್ತೆಸೆದು ಬಾಯಿಗೆ ಬಂದಂತೆ ಬೈದ. ನೋಡಿದ ಜವಾನ, "ಬೆಳಗ್ಗೆಯೇ ಹೆಂಡ ಏರಿಸಿದ್ದಾನೆ" ಅಂತ ನಕ್ಕು ಪರದೆ ಎಳೆದ. ದೊಡ್ಡವರ ಕಣ್ಣಿಗೆ ಬೀಳಬಾರದಲ್ಲ! ಕೊನೆಗೂ ಲಿಫ್ಟು ಸಿಕ್ಕಿ ಅಕ್ಕನ ಗಾಡಿ ಮೇಲೆ ಬಂದಾಗ ಪರದೆಯ ಹಿಂದೆ ಮಂಚ ಗಡಗಡ ಅಲುಗುತ್ತಿತ್ತು. ಅವಳು ಕೂಗಿದ ಕೂಗಿಗೆ ಸಿಸ್ಟರ್ ಹೂವೆಸೆದು ಓಡಿ ಬಂದು ನರಕ್ಕೆ ಗ್ಲೂಕೋಸು ಹಾಕಿದಳು.

ಮಾವ ಬದುಕಿದ್ದಾನೆ. ಆದರೆ ದಾರ ಪೋಣಿಸಲಾರ. ಮಗಳು ಪೋಣಿಸಿಕೊಟ್ಟರೂ ಹೊಲಿಗೆ ಗೆರೆಯಲ್ಲಿ ನಿಲ್ಲುವುದಿಲ್ಲ.

ವಿಚಾರಣೆ ಆಯಿತು. ಸ್ಟೂಲಿಟ್ಟವರ ತಪ್ಪಿಲ್ಲ, ಹೂ ಹಿಡಿಸಿದವರ ತಪ್ಪಿಲ್ಲ. ಚುಚ್ಚಿದ ಕೈ ಒಂದೇ ತಪ್ಪಿತಸ್ಥ ಕೈ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಕ್ಕ ಸಾಕ್ಷಿ ಹೇಳಲು ಹೋದಾಗ "ನಿನ್ನ ಗಾಡಿ ನೋಡ್ಕೋ" ಅಂದರು.

ನೋಡಿಕೊಂಡಳು. ಹಳೆಯ ಚಕ್ರ ವಾಪಸು ಹಾಕುವ ತನಕ ಗಾಡಿ ಮುಟ್ಟುವುದಿಲ್ಲ ಅಂತ ಅಡುಗೆಮನೆಯ ಬಾಗಿಲಲ್ಲೇ ಕೂತಳು. ಹಾಕಿದರು. ಈಗ ಲಿಫ್ಟಿನ ಮುಂದೆ ಸ್ಟೂಲು ಕಂಡರೆ ಕಾಲಲ್ಲಿ ಒದೆಯುತ್ತಾಳೆ.

"ನಂಗೇನೂ ಸನ್ಮಾನ ಬೇಡ," ಅನ್ನುತ್ತಾಳೆ. "ಲಿಫ್ಟು ಮೊದಲು ಅನ್ನಕ್ಕೆ, ಆಮೇಲೆ ದೊಡ್ಡವರಿಗೆ. ಅಷ್ಟು ಬರೆದು ಅಂಟಿಸ್ಲಿ ಸಾಕು. ನನ್ನ ಗಾಡಿ ಇರೋವರೆಗೂ ಚುಚ್ಚಿಸ್ಕೊಂಡೋರು ಹಸಿದಿರಲ್ಲ."

ಕೆಲಸ ಕಳೆದುಕೊಂಡ ಸಿಸ್ಟರ್ ಆಸ್ಪತ್ರೆ ಬಿಟ್ಟು ಹೋದದ್ದು ಶನಿವಾರ. ಆವತ್ತು ಲಿಫ್ಟು ಖಾಲಿಯೇ ಇತ್ತು. ಅವಳು ಮೆಟ್ಟಿಲಿಳಿದು ಹೋದಳು.