ಮೇನ್ ತೆಗೆಯುತ್ತಿದ್ದ ಎದುರು ಮನೆ ಕಾಕು

ಎದುರು ಮನೆ ಕಾಕುವಿನ ಬಲಗೈ ತೋರುಬೆರಳು ಎಷ್ಟು ತೊಳೆದರೂ ಕಪ್ಪಗೇ ಇರುತ್ತಿತ್ತು. ಕಾಕು ಎಂದರೆ ಚಿಕ್ಕಮ್ಮ, ಓಣಿಯ ಹುಡುಗರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ನಿಪ್ಪಾಣಿ ತಂಬಾಕನ್ನು ತವೆಯ ಮೇಲೆ ಹುರಿದು ಪುಡಿ ಮಾಡಿದ ಮಿಶ್ರಿಯನ್ನು ದಿನಾ ಬೆಳಿಗ್ಗೆ ಆ ಬೆರಳಿನಿಂದ ಹಲ್ಲಿಗೆ ತಿಕ್ಕುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ತಿಕ್ಕುವಷ್ಟು ಹೊತ್ತೂ ಕಣ್ಣು ನಮ್ಮ ಬಾಗಿಲ ಮೇಲೆ. ಉಗುಳುವಾಗ ಮಾತ್ರ ಓಣಿಯ ನಟ್ಟನಡುವೆ ಉಗುಳುತ್ತಿದ್ದಳು. ಆಚೆ ಹೋದರೆ ನಮ್ಮೊಂದಿಗೆ ಜಗಳವಾಗುತ್ತದೆ, ಈಚೆ ಬಿದ್ದರೆ ಕಸ ತನ್ನದಾಗುತ್ತದೆ ಎಂಬ ಲೆಕ್ಕ ಆಕೆಗೆ ಬರುತ್ತಿತ್ತು.

ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಸೀಸನ್ ಕೆಲಸದವನು. ಅವ್ವ ಕಾಕುವಿನ ಹೊಲದಲ್ಲೇ ಕಬ್ಬಿನ ಕಸ ತೆಗೆಯುತ್ತಿದ್ದಳು. ಇಬ್ಬರೂ ದುಡಿದು ಬೇಡಕಿಹಾಳದಲ್ಲಿ ಎರಡು ಖೋಲಿಯ ಮನೆ ಕಟ್ಟಿದರು. ಇದ್ದ ಜಾಗವೇ ಅಷ್ಟು, ಬಾಗಿಲನ್ನು ಬೇರೆ ಕಡೆ ಇಡಲು ಬರುವಂತಿರಲಿಲ್ಲ. ಅದು ಕಾಕುವಿನ ಬಾಗಿಲಿಗೆ ನೇರ ಎದುರಾಯಿತು. ಬಾಗಿಲಿಗೆ ಬಾಗಿಲು ಎದುರಾದರೆ ಒಂದು ಮನೆ ಏರುತ್ತದೆ, ಇನ್ನೊಂದು ಇಳಿಯುತ್ತದೆ ಎಂದು ನಮ್ಮ ಕಡೆ ನಂಬುವವರು ಈಗಲೂ ಇದ್ದಾರೆ. ಗೃಹಪ್ರವೇಶದ ದಿನ ಕಾಕು ಊಟಕ್ಕೆ ಬರಲಿಲ್ಲ. ಕಟ್ಟೆಯ ಮೇಲೆ ನಿಂತು ಹೋಗಿಬರುವವರಿಗೆಲ್ಲ ಕೇಳಿಸುವಂತೆ ಹೇಳಿದಳು: "ನನ್ನ ಹೊಲದಾಗ ದುಡದು, ನನ್ನ ಬಾಗಲಿಗೇ ಬಾಗಲ ಹಚ್ಯಾರ ನೋಡ್ರಿ!"

ನಾನು ಚಿಕ್ಕೋಡಿಗೆ ಬಿಸಿಎ ಓದಲು ಹೋಗುತ್ತಿದ್ದಾಗ ಆಕೆ ಅವ್ವನಿಗೆ ಹೇಳಿದ ಮಾತು ಹೀಗಿತ್ತು: "ಕಲತ ಹುಡಿಗಿ, ಹಲ್ಲ ಬಿದ್ದ ಎಮ್ಮಿ, ಎರಡೂ ಕೊಡಾಕ ತ್ರಾಸ." ಅವ್ವ "ಹೌದ್ರಿ ಅಕ್ಕಾರ" ಎಂದಳಂತೆ. ಆ "ಹೌದ್ರಿ"ಗಾಗಿ ಅವ್ವನ ಮೇಲೆ ನನಗೆ ಸಿಟ್ಟು ಬಂದಿತ್ತು. ಆದರೆ ಡಿಗ್ರಿ ಕೈಗೆ ಬಂದ ದಿನ ಅದೇ ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಕಾಕು ಪೇಢೆ ಬಾಯಿಗೆ ಹಾಕಿಕೊಂಡು, ಪೂರ್ತಿ ತಿಂದು, "ಸಕ್ಕರಿ ಕಮ್ಮಿ ಆತು" ಎಂದಳು.

ಈಗ ಚಿಕ್ಕೋಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುತ್ತೇನೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ನಾಲ್ಕು ಜನರ ತಂಡ ನಮ್ಮದು. ನಾಯಕ ಪಾಲಬಾವಿಯಲ್ಲಿ ಔಷಧ ಅಂಗಡಿ ನಡೆಸುವವನು, ಉಳಿದಿಬ್ಬರು ಅಥಣಿ ಕಡೆಯ ವಿದ್ಯಾರ್ಥಿಗಳು. ಎದುರಾಳಿ ತಂಡ ನುಗ್ಗಿ ಬಂದಾಗ ಹಿಂದಿನ ಸಾಲು ಕಾಯುವುದು ನನ್ನ ಕೆಲಸ. ಅಲ್ಲಿ ನನ್ನವ್ವ ಯಾರ ಹೊಲದಲ್ಲಿ ಕಸ ತೆಗೆದಳು ಎಂದು ಯಾರೂ ಕೇಳಿದ್ದಿಲ್ಲ. ಜಾಗ ಬಿಡದೆ ನಿಲ್ಲುತ್ತೀಯಾ ಎಂದಷ್ಟೇ ಕೇಳುತ್ತಿದ್ದರು.

ನಾನೇನೋ ನಿಲ್ಲುತ್ತಿದ್ದೆ. ಇಂಟರ್‌ನೆಟ್ ನಿಲ್ಲುತ್ತಿರಲಿಲ್ಲ.

ಆಟದ ನಡುವೆ ಪರದೆ ಮರಗಟ್ಟುತ್ತಿತ್ತು. ಮತ್ತೆ ಜೀವ ಬರುವಷ್ಟರಲ್ಲಿ ನಾನು ಸತ್ತು ಬಿದ್ದಿರುತ್ತಿದ್ದೆ. ಕೆಲವು ಸಲ ಲೈನೇ ಹೋಗಿ ವೈಫೈ ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮೊದಲು ನನ್ನ ಮನೆಯನ್ನೇ ಅನುಮಾನಿಸಿದೆ. ವೈಫೈ ಡಬ್ಬಿಯನ್ನು ಅವ್ವ ತಗಡಿನ ತಿಜೋರಿಯ ಮೇಲೆ ಇಟ್ಟಿದ್ದಳು, ಅದನ್ನು ಕೆಳಗಿಳಿಸಿದೆ. ವೈಫೈ ಬಿಟ್ಟು ನೇರ ವಾಯರ್ ಹಚ್ಚಿದೆ. ಮನೆಯ ಫೋನುಗಳನ್ನೆಲ್ಲ ಲೈನಿನಿಂದ ಬಿಡಿಸಿದೆ. ಅಪ್ಪನ ಭಜನೆಯ ವಿಡಿಯೋ ಬಂದಾಗಿ ಅವನು ಎರಡು ದಿನ ಮುಖ ದಪ್ಪ ಮಾಡಿಕೊಂಡ. ಡಬ್ಬಿಯನ್ನೇ ಬದಲಿಸಿದೆ. ಏನೂ ಫರಕಾಗಲಿಲ್ಲ. ಲ್ಯಾಪ್‌ಟಾಪ್‌ನಿಂದ ನಮ್ಮ ಡಬ್ಬಿಯವರೆಗೆ ಎಲ್ಲ ಸರಿಯಿತ್ತು. ಅಲ್ಲಿಂದಾಚೆಗೇ ಕೇಡು.

ಕೇಬಲ್‌ನವನನ್ನು ಕರೆಸಿದೆ. ಅವನು ತನ್ನ ಫೋನಿನಲ್ಲಿ ಸ್ಪೀಡ್ ತೋರಿಸಿ, "ಟೀಚರ್, ನೂರು ಬರಾಕತ್ತೈತಿ. ಇನ್ನೇನ ಬೇಕ್ರಿ ನಿಮಗ?" ಎಂದ.

"ನನಗ ಸ್ಪೀಡ್ ಬ್ಯಾಡೋ ಮಾರಾಯಾ, ಪಿಂಗ್ ನೋಡು."

"ಅದೇನದು?"

ಕಬ್ಬಿನ ಊರಿನವನಿಗೆ ಕಬ್ಬಿನಲ್ಲೇ ಹೇಳಿದೆ. "ಟ್ರಾಲಿ ಎಷ್ಟ ದೊಡ್ಡದೈತಿ ಅನ್ನೋದು ಸ್ಪೀಡು. ಅದು ಕಾರ್ಖಾನಿಗೆ ಹೋಗಿ ಖಾಲಿ ಆಗಿ ಹೊಳ್ಳಿ ಬರಾಕ ಹಿಡದ ಹೊತ್ತು ಪಿಂಗು. ಎಷ್ಟ ದೊಡ್ಡ ಟ್ರಾಲಿ ಇದ್ರೇನು, ಗೇಟಿನಾಗ ಪಾಳಿ ಹಚ್ಚಿ ನಿಂತ್ರ ಉಪಯೋಗ ಏನು?"

ಅವನಿಗೆ ತಿಳಿಯಿತು. ತಿಳಿದೂ ನೆಲ ನೋಡುತ್ತ ನಿಂತ. ಆ ನಿಲುವು ನೋಡಿಯೇ, ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಅನಿಸಿತು.

ಅದೇ ವಾರ ಕಿಟಕಿಯ ಬಳಿ ಕೂತು ಆಡುತ್ತಿದ್ದಾಗ ಕಾಕು ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೊರಟಳು. ಬಾಗಿಲೆಳೆದು ಕೀಲಿ ಹಾಕಿದಳು. ನನ್ನ ಡಬ್ಬಿಯಲ್ಲಿ ಕೆಂಪು ದೀಪ. ತಿರುಗಿ ಬಂದು ಕೀಲಿ ತೆಗೆದಳು, ದೀಪ ಹಸಿರಾಯಿತು. ಮರುದಿನವೂ ಹಾಗೆಯೇ. ಕೇಬಲ್‌ನವನನ್ನು ಹಿಡಿದು ಕೇಳಿದಾಗ ಒಪ್ಪಿಕೊಂಡ. ನಮ್ಮ ಓಣಿಗೆಲ್ಲ ಲೈನು ಹಂಚುವ ದೊಡ್ಡ ಡಬ್ಬಿ ಇದ್ದದ್ದು ಕಾಕುವಿನ ಪಡಸಾಲೆಯಲ್ಲಿ! ಇನ್ವರ್ಟರ್ ಇದ್ದ ಮನೆಯಲ್ಲಿ ಡಬ್ಬಿ ಇಡುವುದು, ಆ ಮನೆಗೆ ಪುಕ್ಕಟೆ ಲೈನು ಕೊಡುವುದು, ಇದು ನಮ್ಮೂರ ಕೇಬಲ್‌ನವರ ಪದ್ಧತಿ. ಕಾಕು ಮಾತ್ರ ಮನೆ ಬಿಡುವಾಗಲೆಲ್ಲ ಇನ್ವರ್ಟರಿನ ಗುಂಡಿ ಒತ್ತಿ ಬಂದು ಮಾಡಿ, ಇಡೀ ಮನೆಯ ಕರೆಂಟಿನ ಮೇನ್ ಸ್ವಿಚ್ಚನ್ನು ಕೆಳಗೆಳೆದು ಹೋಗುತ್ತಿದ್ದಳು. ಮನೆಯಲ್ಲಿದ್ದಾಗ ಇನ್ನೊಂದು ಆಟ: ಡಬ್ಬಿಯ ದೀಪಗಳು ಪಿಳಿಪಿಳಿ ಎಂದು ತನಗೆ ಕಣ್ಣು ಹೊಡೆಯುತ್ತವೆ ಎಂದು ಅದರ ಮೇಲೆ ದಪ್ಪ ಕೌದಿ ಹೊಚ್ಚಿದ್ದಳು. ಉಸಿರುಗಟ್ಟಿದ ಡಬ್ಬಿ ಕಾದು ಕೆಂಡವಾಗಿ ಮಾತು ತಡವರಿಸುತ್ತಿತ್ತು. ನನ್ನ ಪರದೆ ಮರಗಟ್ಟುತ್ತಿದ್ದುದು ಅದಕ್ಕೆ.

"ಹೇಳೂದಲ್ಲೇನೋ ಆಕಿಗೆ?" ಎಂದೆ.

"ನೀವ ಹೇಳ್ರಿ ಟೀಚರ್. ನಾ ಸಣ್ಣ ಮಕ್ಕಳ ತಂದಿ ಅದೀನಿ."

ಪಾಲಬಾವಿಯ ನಾಯಕ ಆಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದ: "ಅಕ್ಕಾ, ನೀ ಛಲೋ ಆಡ್ತಿ, ಖರೆ ಐತಿ. ಆದ್ರ ನಡುವ ಹೆಣದಂಗ ನಿಂತ ಬಿಡ್ತಿ. ಬರೋ ರವಿವಾರ ಸೆಲೆಕ್ಷನ್ ಮ್ಯಾಚಿನಾಗೂ ಹಂಗಾತಂದ್ರ ನಿನ್ನ ಜಾಗಾಕ್ಕ ಬ್ಯಾರೆಯವರ್ನ ತಗೊಳ್ಳೋದ ಆಗ್ತೈತಿ. ಸಿಟ್ಟ ಆಗಬ್ಯಾಡ." ಆ ಪಂದ್ಯವನ್ನು ಅವರವರ ಮನೆಯಿಂದಲೇ ಆಡಬೇಕಿತ್ತು. ಗೆದ್ದವರಿಗೆ ಬೆಳಗಾವಿಯಲ್ಲಿ ಮುಂದಿನ ಸುತ್ತುಗಳು. ಅದೇ ರವಿವಾರ ಕಾಕು ಕಾಗವಾಡಕ್ಕೆ ಮದುವೆಗೆ ಹೊರಟಿದ್ದಾಳೆಂದು ಓಣಿಗೆಲ್ಲ ಗೊತ್ತಿತ್ತು, ಏಕೆಂದರೆ ಸೀರೆ ಯಾವುದು ಉಡಲಿ ಎಂದು ಓಣಿಗೆಲ್ಲ ಕೇಳಿದ್ದಳು, ನಮ್ಮನ್ನು ಬಿಟ್ಟು.

ಆಕೆಯ ಕಟ್ಟೆಯನ್ನು ನಾನು ಹತ್ತಿದ್ದು ಅದೇ ಮೊದಲು. ಹೊಸ್ತಿಲಿನಾಚೆ ಆಕೆ, ಈಚೆ ನಾನು.

"ಕಾಕು, ರವಿವಾರ ಮೇನ್ ತಗೀಬ್ಯಾಡ್ರಿ. ಆ ಡಬ್ಬಿ ಮ್ಯಾಲಿನ ಕೌದಿನೂ ತಗೀರಿ. ನಂದೊಂದು ಮ್ಯಾಚ್ ಐತಿ."

"ಅಂದ್ರ?"

"ಆಟಾ ರೀ. ಕಂಪ್ಯೂಟರಿನಾಗ."

"ಅದ, ಬಂದೂಕ ಹಿಡಕೊಂಡು ಕುಪ್ಪಳಸೂದು? ನಿಮ್ಮ ಕಿಡಕ್ಯಾಗ ಕಾಣಸ್ತೈತಿ." ಆಕೆ ನಕ್ಕಳು. "ಡಿಗ್ರಿ ಮಾಡಿದ್ದು ಇದಕ್ಕೇನ? ಇದನ್ನ ಮಾಡಾಕ ನನ್ನ ಮೊಮ್ಮಗಾ ನಾಪಾಸ ಆಗ್ಯಾನ, ಅಂವಗ ಡಿಗ್ರಿ ಬೇಕಾಗ್ಲಿಲ್ಲ."

"ಓಣಿ ಮಂದಿ ಎಲ್ಲಾರೂ ಆ ಲೈನ್ ಮ್ಯಾಲೆ ಅದಾರ್ರಿ. ಡಬ್ಬಿ ನಿಮ್ಮದಲ್ಲ."

"ಮನಿ ನಂದು. ನಾ ಇಲ್ಲದ ಮನ್ಯಾಗ ಕರೆಂಟ ಇರಂಗಿಲ್ಲ. ತಿಳೀತಿಲ್ಲ? ಹಿಂದ ಹೊಲದ ಮ್ಯಾಲಿನ ವಾಯರಿಗೆ ವಾಯರ್ ಬಡದು ಕಿಡಿ ಬಿದ್ದು ನನ್ನ ನಿಂತ ಕಬ್ಬ ಸುಟ್ಟು ಬೂದಿ ಆತು. ನಿಮ್ಮವ್ವನ್ನ ಕೇಳು, ಆಕೀನೂ ಹಸಿ ತಪ್ಪಲ ಹಿಡಕೊಂಡು ಬೆಂಕಿ ಬಡದಾಳ. ಕರೆಂಟ ಅಂದ್ರ ಬಿಚ್ಚಿದ ಹೋರಿ. ಕಾಯವ್ರಿಲ್ಲದ ಬಿಡಬಾರದು."

ಅದು ಸುಳ್ಳಲ್ಲ. ಆ ಬೆಂಕಿಯಲ್ಲಿ ಅವ್ವನ ಮುಂಗೈ ಸುಟ್ಟಿತ್ತು. ಆಗ ಕಾಕು ತನ್ನ ಕಬ್ಬಿಗಾಗಿ ಅತ್ತಳೇ ಹೊರತು ಅವ್ವನ ಕೈಗೆ ಒಂದು ಹನಿ ಎಣ್ಣೆ ಹಚ್ಚಲಿಲ್ಲ. ಅದನ್ನೂ ಮುಖದ ಮೇಲೆ ಹೇಳಿದೆ. ಆಕೆ ಅದನ್ನು ಬಿಟ್ಟು ತನ್ನ ಮಾತಿಗೇ ಬಂದಳು.

"ಅಷ್ಟ ಜರೂರ ಇದ್ರ ಹಿಂಗ ಮಾಡು. ರವಿವಾರ ನೀನ ಬಂದು ಒಳಗ ಕುಂದ್ರು. ಹೊರಗಿಂದ ಕೀಲಿ ಹಾಕ್ಕೊಂಡ ಹೋಗ್ತೀನಿ. ಮನ್ಯಾಗ ಮನಷ್ಯಾರ ಇದ್ರ ನಾ ಮೇನ್ ತಗಿಯೂದಿಲ್ಲ."

"ಕೀಲಿ ಯಾಕ?"

"ನಿನ್ನ ಮ್ಯಾಲೆ ನನಗ ಇಶ್ವಾಸ ಇಲ್ಲ, ಅದಕ್ಕ."

ಮನೆಗೆ ಬಂದು ಹೇಳಿದೆ. ಅಪ್ಪ "ಬ್ಯಾಡ" ಎಂದ. ಅವ್ವ ಮಾತ್ರ, "ಹೋಗು. ನಾ ಆಕಿ ಹೊಲದಾಗ ತೆಲಿ ಬಗ್ಗಿಸಿ ನಿಂತೀನಿ. ನೀ ಆಕಿ ಮನ್ಯಾಗ ತೆಲಿ ಎತ್ತಿ ಕುಂದ್ರು" ಎಂದಳು. "ಹೌದ್ರಿ ಅಕ್ಕಾರ" ಎನ್ನುತ್ತಿದ್ದ ಬಾಯಿಂದ ಅಂಥ ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ರವಿವಾರ ಮಧ್ಯಾಹ್ನ ಲ್ಯಾಪ್‌ಟಾಪು, ವಾಯರು, ಕುಡಿಯುವ ನೀರಿನ ಬಾಟಲಿ ಹಿಡಿದು ಹೋದೆ. ಕಾಕು ಜರತಾರಿ ಸೀರೆಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ಪಡಸಾಲೆಯ ನೆಲ ತೋರಿಸಿ, "ಅಡಗಿ ಮನಿಗೆ ಹೋಗಬ್ಯಾಡ, ದೇವರ ಕಡೆ ಹೋಗಬ್ಯಾಡ, ಸುಟ್ಟ ವಾಸನಿ ಬಂದ್ರ ಮೇನ್ ಕೆಳಗ ಎಳಿ" ಎಂದಳು. ಕೀಲಿ ಹಾಕಿದ ಸದ್ದು ಬಂತು. ಹೊರಗೆ ಓಣಿಯವರಿಗೆ ಹೇಳುತ್ತಿದ್ದಳು: "ಒಳಗ ಟೀಚರನ್ನ ಕಟ್ಟೀನಿ. ಸದ್ದ ಆತಂದ್ರ ಹೆದರಬ್ಯಾಡ್ರಿ."

ಮೊದಲು ಕೌದಿ ಕಿತ್ತೆಸೆದೆ. ದೊಡ್ಡ ಡಬ್ಬಿಗೆ ನನ್ನ ವಾಯರನ್ನು ನೇರವಾಗಿ ಚುಚ್ಚಿದೆ. ನಡುವೆ ಕಂಬವಿಲ್ಲ, ಕಬ್ಬಿನ ಟ್ರಾಲಿ ತಾಗಿ ಹರಿದು ಮತ್ತೆ ಕೂಡಿಸಿದ ವಾಯರಿಲ್ಲ. ಪಿಂಗ್ ಒಂದು ಚೂರೂ ಅಲುಗಲಿಲ್ಲ. ನನ್ನ ಮನೆಯಲ್ಲಿ ಒಂದು ದಿನವೂ ಅಂಥ ಲೈನು ಕಂಡಿರಲಿಲ್ಲ. ಕಿವಿಯಲ್ಲಿ ಪಾಲಬಾವಿಯ ನಾಯಕ, "ಅಕ್ಕಾ, ಇವತ್ತ ಎಲ್ಲಿ ಕುಂತೀಯೇ? ಬೆಂಗಳೂರಾಗ ಏನ?" ಎಂದ. "ವೈರಿ ಮನ್ಯಾಗ" ಎಂದೆ. ಆಟದ ಮಾತೆಂದು ತಿಳಿದು ಅವನು ನಕ್ಕ.

ಆ ದಿನ ನಾನು ಆಡಿದ್ದು ಸಿಟ್ಟಿನಲ್ಲಿ. ಎದುರಾಳಿಗಳು ನುಗ್ಗಿದ ಕಡೆಯೆಲ್ಲ ನಾನಿದ್ದೆ. ಜಾಗ ಬಿಡಲಿಲ್ಲ. ನಮ್ಮ ಮೂವರು ಬಿದ್ದ ಮೇಲೂ ಉಳಿದವಳು ನಾನು. ಗೆದ್ದೆವು. ಹುಡುಗರು ಕಿವಿಯಲ್ಲಿ ಕಿರುಚುತ್ತಿದ್ದರು. ನಾನು ಎದ್ದು ಕಿರುಚುವಂತಿರಲಿಲ್ಲ, ಕಟ್ಟಿದ ಟೀಚರು ಸದ್ದು ಮಾಡಿದಳು ಎಂದು ಓಣಿ ನಗುತ್ತದೆ.

ಮದುವೆ ಊಟ ಮುಗಿಸಿ ಆಕೆ ಬರುವವರೆಗೆ ಅಲ್ಲೇ ಕೂತಿರಬೇಕಾಯಿತು. ಹೊತ್ತು ಇಳಿದಿತ್ತು. ಕೀಲಿ ತೆಗೆದು ಒಳಗೆ ಬಂದವಳು ಮೊದಲು ಬಿಸಿಯಾಗಿದೆಯೇ ಎಂದು ಮೇನ್ ಇದ್ದ ಗೋಡೆ ಮುಟ್ಟಿ ನೋಡಿದಳು, ಆಮೇಲೆ ದೇವರ ಕಡೆ ನೋಡಿದಳು, ಕೊನೆಗೆ ನನ್ನನ್ನು.

"ಗೆದ್ದಿ?"

"ಗೆದ್ದೆ."

"ಹಂಗಾದ್ರ ಏಳು. ಕುಂತೀ ಯಾಕ?"

ಇಲ್ಲಿಗೆ ನಮ್ಮಿಬ್ಬರ ನಡುವೆ ಏನೋ ಕರಗಿತು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಮರುದಿನ ಹಾಲು ಹಾಕಲು ಹೋಗುವಾಗ ಆಕೆ ಮತ್ತೆ ಮೇನ್ ತೆಗೆದಳು. ಕೌದಿ ಮತ್ತೆ ಡಬ್ಬಿಯ ಮೇಲೇರಿತು. ಮಿಶ್ರಿ ತಿಕ್ಕುತ್ತ, "ಈಕಿ ಗೆದ್ದಿದ್ದು ನನ್ನ ಕರೆಂಟಿನ ಮ್ಯಾಲೆ" ಎಂದು ವಾರಗಟ್ಟಲೆ ಸಾರಿದಳು. ಅದು ನಿಜವಾಗಿದ್ದರಿಂದ ನನಗೆ ಇನ್ನೂ ಉರಿಯಿತು.

ಬೆಳಗಾವಿಗೆ ಹೊರಟ ದಿನ ಬೆಳಿಗ್ಗೆ ಬ್ಯಾಗು ಹೊತ್ತು ಬಾಗಿಲು ದಾಟುವಾಗ ಆಕೆ ಕಟ್ಟೆಯ ಮೇಲೇ ಇದ್ದಳು. ಬೆರಳು ಬಾಯಿಂದ ತೆಗೆದು ಕೇಳಿದಳು: "ಅಲ್ಲಿ ಯಾರ ಮನ್ಯಾಗ ಕುಂದ್ರಸ್ತಾರ ನಿನ್ನ?"

"ಯಾರ ಮನ್ಯಾಗೂ ಅಲ್ರಿ. ದೊಡ್ಡ ಹಾಲ್ ಐತಿ."

"ಸೋತ ಬಂದ್ರ ಕರೆಂಟ ಹೋಗಿತ್ತು ಅಂತ ಹೇಳಬ್ಯಾಡ ಮತ್ತ. ಅಲ್ಲಿ ನಾ ಇರೂದಿಲ್ಲ."

ನಾನು ಬಸ್ಸಿನ ಕಡೆ ನಡೆದೆ.

ಬೆಳಗಾವಿಯಲ್ಲಿ ಎರಡನೆಯ ಸುತ್ತಿಗೇ ಸೋತೆವು. ಅಲ್ಲಿ ಲೈನು ಗಟ್ಟಿಯಾಗಿತ್ತು, ಪರದೆ ಒಮ್ಮೆಯೂ ಮರಗಟ್ಟಲಿಲ್ಲ. ಎದುರಿಗಿದ್ದವರು ನಮಗಿಂತ ಚೆನ್ನಾಗಿ ಆಡಿದರು. ಇಷ್ಟು ದಿನ ಸೋಲಿಗೆ ದೂರಲು ನನಗೊಂದು ಕೌದಿ ಇತ್ತು, ಒಂದು ಮೇನ್ ಇತ್ತು, ಒಬ್ಬಳು ಕಾಕು ಇದ್ದಳು. ಅಲ್ಲಿ ಯಾವುದೂ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಆಕೆಗೆ ಕೊಡುವ ಉತ್ತರವನ್ನು ಮಾಡಿಕೊಂಡು ಬಂದೆ. ಆಕೆ ಬಾಯಿ ತೆಗೆಯುವ ಮೊದಲೇ ನಾನೇ ಕಟ್ಟೆಯ ಮುಂದೆ ನಿಂತು ಹೇಳಬೇಕು, ಹೇಳಿ ಒಳಗೆ ನಡೆಯಬೇಕು ಎಂದು.

ಮರುದಿನ ಸಂಜೆ ಓಣಿಯ ತಿರುವಿಗೆ ಬಂದಾಗ ಕಾಕುವಿನ ಕಟ್ಟೆಯ ತುಂಬ ಮಂದಿ. ಅಂದು ಬೆಳಿಗ್ಗೆ ಮಿಶ್ರಿ ತಿಕ್ಕುತ್ತ ಕೂತಲ್ಲಿಯೇ ವಾಲಿದವಳು ಮತ್ತೆ ಏಳಲಿಲ್ಲವಂತೆ. ತೋಟದ ಮನೆಯಲ್ಲಿ ಬೇರೆ ಇದ್ದ ಆಕೆಯ ಮಗ ಸೊಸೆ ಬಂದಿದ್ದರು. ಅವ್ವ ಆ ಮನೆಯವರಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಎದುರು ಮನೆಯವರೇ ಬುತ್ತಿ ಒಯ್ಯಬೇಕು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಮುಖಕ್ಕೆ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ, ಹೆಚ್ಚು ಮಾಡಿಲ್ಲ, ಕಡಿಮೆಯನ್ನೂ ಮಾಡಿಲ್ಲ. ಆಕೆಗಾಗಿ ನಾನು ಅಳಲಿಲ್ಲ. ಆದರೆ ಬಸ್ಸಿನಲ್ಲಿ ಮಾಡಿಕೊಂಡು ಬಂದ ಆ ಮಾತನ್ನು ಓಣಿಯಲ್ಲಿ ಬೇರೆ ಯಾರಿಗೂ ಹೇಳಲು ಬರುವಂತಿಲ್ಲ, ಹೇಳಿದರೂ ಅವರಿಗೆ ತಾಗುವುದಿಲ್ಲ. ಅದು ಆಕೆಗೆ ಸಲ್ಲಬೇಕಾದದ್ದು, ಇನ್ನೂ ನನ್ನ ಬಳಿಯೇ ಉಳಿದಿದೆ:

"ಕಾಕು, ಅಲ್ಲಿ ಮೇನ್ ಯಾರೂ ತಗೀಲಿಲ್ಲ. ನಾವ ಸೋತ್ವಿ."